ದಿನಕ್ಕೊಂದು ಚಮಚ ಮೀನೆಣ್ಣೆ

ಜನವರಿ 11

ಪ್ರೀತಿಯ ಸೊಟ್ಟಮೂತಿ,

ನೀನು ಬಸುರಿ ಎಂದು ಓದಿದ ಕೂಡಲೇ ಕುಣಿಯಬೇಕೆನಿಸಿತು. ಆದರೆ ಆಗ ನಾನು ನಿಂತಿದ್ದ ನೆಲದ ಮೇಲೆ ಕುಣಿದರೆ ಸೊಂಟ ಮುರಿಯುವುದು ಗ್ಯಾರಂಟಿ. ನಮ್ಮ ಮೀನೆಣ್ಣೆ ಕಾರ್ಖಾನೆಯಲ್ಲಿ ಮೀನಿನ ಲಿವರ್ ಇಳಿಸುವ ಅಂಗಳ ಅದು. ದೋಣಿಗಳಿಂದ ಡ್ರಮ್ಮುಗಳು ಬರುತ್ತವೆ. ಮುಚ್ಚಳ ತೆಗೆದರೆ ಒಳಗೆ ಶಾರ್ಕ್ ಮೀನುಗಳ ಲಿವರ್, ಬೂದು ಬಣ್ಣದ್ದು, ಲೋಳೆಯಾಗಿ ಅಲುಗಾಡುತ್ತಿರುತ್ತದೆ. ಬಿಸಿಲು ತಿಂದ ಡ್ರಮ್ಮಾದರೆ ಮೇಲೆ ನೊರೆ, ನೊರೆಯ ಮೇಲೆ ನೊಣ. ಥೂ! ನನ್ನ ಕೆಲಸ ಲ್ಯಾಬಿನಲ್ಲಿ, ನಿಜ. ಆದರೆ ಸ್ಯಾಂಪಲ್ ತರಲು ಈ ಅಂಗಳ ದಾಟಲೇಬೇಕು. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ. ಮೊದಮೊದಲು ಅವಮಾನವಾಗುತ್ತಿತ್ತು, ಈಗ ಅಲ್ಲಿ ಚೀಲ ಇಟ್ಟುಕೊಳ್ಳುತ್ತೇನೆ.

ಈ ಹೇಸಿಗೆಯೊಳಗೆ ಚೆಂದದ್ದು ಅಂತ ಇರುವುದು ಒಂದೇ. ಗಾಜಿನ ನಳಿಕೆಗೆ ಎಣ್ಣೆಯ ಹನಿ ಬಿಟ್ಟು ಪರೀಕ್ಷೆಯ ದ್ರಾವಣ ಸುರಿದರೆ ತಟ್ಟನೆ ನೀಲಿ ಹುಟ್ಟುತ್ತದೆ. ಅದೇ ಎ ವಿಟಮಿನ್. ಎಣ್ಣೆಯಲ್ಲಿ ವಿಟಮಿನ್ ಎಷ್ಟಿದೆಯೋ ನೀಲಿಯೂ ಅಷ್ಟು ಗಾಢ. ಕ್ಷಣದಲ್ಲಿ ಮಾಸಿಹೋಗುತ್ತದೆ, ಅಷ್ಟರೊಳಗೆ ಓದಿಕೊಳ್ಳಬೇಕು. ಅದನ್ನು ಓದುವುದೇ ನನ್ನ ಹೊಟ್ಟೆಪಾಡು.

ಈಗ ಮುಖ್ಯ ವಿಷಯ. ಪಾರ್ಸೆಲ್ಲಿನಲ್ಲಿ ಒಂದು ಬಾಟಲಿ ಎಣ್ಣೆ ಕಳಿಸಿದ್ದೇನೆ. ಅಮ್ಮ ನಿನ್ನನ್ನು ಹೊತ್ತಿದ್ದಾಗ ಸಂಜೆಯಾದರೆ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗುತ್ತಿದ್ದಳು, ಕೈ ಹಿಡಿಯುತ್ತಿದ್ದವಳು ನಾನು. ಈ ವಿಟಮಿನ್ ಇಲ್ಲದೆ ಹಾಗಾಗಿತ್ತು ಎಂದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ. ನಿನಗೆ ಆ ಗತಿ ಬರಬಾರದು. ಅಂಗಡಿಯಲ್ಲಿ ಸಿಗುವುದು ಬೆರಕೆ ಎಣ್ಣೆ. ಬೇರೆ ಎಣ್ಣೆ ಸುರಿದು ತೆಳ್ಳಗೆ ಮಾಡಿ ಮಾರುತ್ತಾರೆ. ಮಾರುವವರ ಬುದ್ಧಿ! ನಿನಗೆ ನಾನು ಲಿವರ್ ಬೇಯಿಸಿ ಎಣ್ಣೆ ಇಳಿಸುವ ಬಾಯ್ಲರ್ ಕೆಳಗಿನ ನಲ್ಲಿಯಿಂದಲೇ ಹಿಡಿದಿದ್ದೇನೆ, ಅಪ್ಪಟ. ದಿನಕ್ಕೊಂದು ಚಮಚ. ಅಂಗಡಿ ಬಾಟಲಿಯ ಚೀಟಿಯ ಮೇಲೂ ಅಷ್ಟೇ ಬರೆದಿರುತ್ತದೆ. ಮೂಗು ಹಿಡಿದುಕೊಂಡು ಕುಡಿ, ಮೂತಿ ಸೊಟ್ಟ ಮಾಡಬೇಡ.

ನಿನ್ನ ಅಕ್ಕ

*

ಫೆಬ್ರವರಿ 2

ಅಕ್ಕಾ,

ನಿನ್ನ ಪಾರ್ಸೆಲ್ ಬಂತು. ಬಂತು ಅಂತ ಬೀದಿಗೆಲ್ಲ ಗೊತ್ತಾಯಿತು. ಬಾಟಲಿಯ ಬಿರಡೆಯಿಂದ ಒಂದಿಷ್ಟು ಜಿನುಗಿ, ಪಾರ್ಸೆಲ್ ತಂದವನು ಅದನ್ನು ಎರಡು ಬೆರಳಲ್ಲಿ ಹಿಡಿದು ಬಾಗಿಲಲ್ಲೇ ಇಟ್ಟು ಓಡಿದ. ಇವರು ಗಡಿಯಾರದ ಅಂಗಡಿಯಿಂದ ಊಟಕ್ಕೆ ಬಂದವರು "ಬೀರು ಹಿಂದೆ ಏನೋ ಸತ್ತಿದೆ" ಎಂದು ಬೀರುವನ್ನೇ ಎಳೆದರು. ನಾನು ಬಚ್ಚಲಲ್ಲಿ ಕೂತು ಬೆಳಗಿನ ಕಾಫಿಯನ್ನೂ ಕಕ್ಕಿಬಿಟ್ಟೆ. ಅಕ್ಕಾ, ನಿನಗೆ ಹೇಗೆ ಹೇಳಲಿ, ಅದು ಬರೀ ವಾಸನೆಯಲ್ಲ. ನಾಲಿಗೆಯ ಹಿಂಭಾಗದಲ್ಲಿ ಬಂದು ಕೂರುತ್ತದೆ. ತಟ್ಟೆ ಮುಟ್ಟಿದರೆ ತಟ್ಟೆಗೆ, ದಿಂಬು ಮುಟ್ಟಿದರೆ ದಿಂಬಿಗೆ.

ಈ ಮನೆಯಲ್ಲಿ ಅದಕ್ಕೆ ಹೆದರದವರು ಒಬ್ಬರೇ, ನಮ್ಮತ್ತೆ. ಹಿಂದೊಮ್ಮೆ ದೊಡ್ಡ ಜ್ವರ ಬಂದಾಗಿನಿಂದ ಅವರಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಹಾಲು ಸೀದರೂ ಅಷ್ಟೆ, ಮಲ್ಲಿಗೆಯಾದರೂ ಅಷ್ಟೆ. ಬಾಟಲಿ ಒರೆಸಿ ಬೆಳಕಿಗೆ ಹಿಡಿದು "ಎಷ್ಟು ಚೆನ್ನಾಗಿದೆಯಲ್ಲೇ, ಜೇನುತುಪ್ಪದ ಬಣ್ಣ" ಎಂದರು. ದಿನಾ ಬೆಳಿಗ್ಗೆ ತುರುಬು ಕಟ್ಟಿಕೊಂಡು (ಆ ತುರುಬಿನ ಜಂಬ ನಿನಗೆ ಗೊತ್ತಲ್ಲ, ಎರಡು ಕೈ ಬೇಕು ಹಿಡಿಯಲು) ಚಮಚ ಹಿಡಿದು ನನ್ನೆದುರು ಕೂರುತ್ತಾರೆ. ಒಂದು ತೊಟ್ಟೂ ಹಾಳಾಗುತ್ತಿಲ್ಲ, ನೀನು ಚಿಂತೆ ಮಾಡಬೇಡ.

ನಿನ್ನ ತಂಗಿ

*

ಫೆಬ್ರವರಿ 20

ಪ್ರೀತಿಯ ಸೊಟ್ಟಮೂತಿ,

ಕುಡಿಯುತ್ತಿದ್ದೀಯ ಎಂದು ಓದಿ ಸಮಾಧಾನವಾಯಿತು. ನೀನು ಹಟಮಾರಿ, ಎಲ್ಲಿ ಚರಂಡಿಗೆ ಸುರಿಯುತ್ತೀಯೋ ಎಂದುಕೊಂಡಿದ್ದೆ. ನಿಮ್ಮತ್ತೆ ಎದುರು ಕೂರುತ್ತಾರಲ್ಲ, ಅವರಿಗೆ ನಾನು ಕೈಮುಗಿದೆ ಎನ್ನು.

ಇನ್ನೊಂದು ಬಾಟಲಿ ಕಳಿಸುತ್ತಿದ್ದೇನೆ, ಬಿರಡೆಗೆ ಮೇಣ ಹಚ್ಚಿದ್ದೇನೆ. ಈ ವರ್ಷ ದೋಣಿಗಳು ಆಳದ ನೀರಿಗೆ ಹೋಗುತ್ತಿವೆ. ಬೇರೆ ಜಾತಿಯ ಮೀನು, ಮೈಗಿಂತ ಲಿವರೇ ದೊಡ್ಡದೇನೋ ಅನಿಸುತ್ತದೆ. ಸೀಳಿದರೆ ಕತ್ತಿಗೂ ಕೈಗೂ ಅಂಟಿಕೊಂಡು ಬರುತ್ತದೆ, ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ಮಧ್ಯಾಹ್ನ ಊಟದ ಡಬ್ಬಿ ತೆರೆದರೆ ನನ್ನದೇ ಕೈ ನನಗೆ ಅಸಹ್ಯ. ಚಮಚದಲ್ಲಿ ತಿನ್ನುತ್ತೇನೆ.

ಅಕ್ಕ

*

ಮಾರ್ಚ್ 25

ಅಕ್ಕಾ,

ನಾನು ಚೆನ್ನಾಗಿದ್ದೇನೆ. ಹೊಟ್ಟೆ ಬಂದಿದೆ, ಹಸಿವೂ ಬಂದಿದೆ. ಅಂಗೈ ಒಂಚೂರು ಹಳದಿಯಾಗಿದೆ, ಬೇರೇನಿಲ್ಲ.

ಸರಿಯಿಲ್ಲದವರು ಅತ್ತೆ. ಹೇಳಬಾರದು, ಆದರೆ ನಿನಗೆ ಹೇಳದೆ ಯಾರಿಗೆ ಹೇಳಲಿ? ಅವರ ಚರ್ಮ ಉದುರುತ್ತಿದೆ. ಮೊದಲು ತುಟಿ ಒಡೆಯಿತು, ಬಾಯಿಯ ಎರಡೂ ಮೂಲೆಯಲ್ಲಿ ಸೀಳು, ಅನ್ನ ತಿಂದರೆ ರಕ್ತ ಅಂಟುತ್ತದೆ. ಆಮೇಲೆ ಅಂಗಾಲು, ಅಂಗೈ, ಕುತ್ತಿಗೆ. ಹಾಳೆ ಹಾಳೆಯಾಗಿ ಏಳುತ್ತದೆ, ಅವರು ಕೂತು ಕೀಳುತ್ತಾರೆ. ಹಾಸಿಗೆ ಕೊಡವಿದರೆ ಹೊಟ್ಟಿನ ಹಾಗೆ ಬೀಳುತ್ತದೆ. ನಿನ್ನೆ ಹಿಟ್ಟಿನ ಡಬ್ಬಿಯಲ್ಲಿ ಒಂದು ತುಣುಕು ಕಂಡಿತು. ಇಡೀ ಡಬ್ಬಿ ಹಿಟ್ಟು ಸುರಿದುಬಿಟ್ಟೆ. ಬಚ್ಚಲ ತೂಬಿನಲ್ಲಿ ಕೂದಲ ಉಂಡೆ. ಅದನ್ನು ಕಡ್ಡಿಯಿಂದ ಎಳೆದು ತೆಗೆಯುವುದು ನಾನೇ, ವಾಕರಿಸಿಕೊಂಡು. ಅವರ ತುರುಬು ಈಗ ನನ್ನ ಮುಷ್ಟಿಯಷ್ಟೂ ಇಲ್ಲ.

ತಲೆನೋವು ಬೇರೆ. ಯಾವಾಗಲೂ ನಗುತ್ತಿದ್ದವರು ಲೋಟ ಸದ್ದಾದರೂ ಸಿಡುಕುತ್ತಾರೆ. ಅವರು ಬಡಿಸಿದರೆ ನನಗೆ ಊಟ ಸೇರುವುದಿಲ್ಲ ಅಕ್ಕಾ. ನಾನು ಕೆಟ್ಟವಳಾ?

ತಂಗಿ

*

ಏಪ್ರಿಲ್ 6

ನನ್ನ ಸೊಟ್ಟಮೂತಿ,

ಕೆಟ್ಟವಳಲ್ಲ, ದಡ್ಡಿ. ಚರ್ಮದ ರೋಗ ಇಟ್ಟುಕೊಂಡವರ ಕೈಯಿಂದ ಬಸುರಿ ಊಟ ಮಾಡುತ್ತಾಳಾ? ಅದು ಅಂಟುಜಾಡ್ಯವೇ ಇರಬೇಕು. ಇಲ್ಲಿ ದೋಣಿಯವನೊಬ್ಬನಿಗೆ ಹೀಗೇ ಆಗಿ ಮನೆಮಂದಿಗೆಲ್ಲ ಹಬ್ಬಿತ್ತು. ಮುಜುಗರ ಬಿಡು. ಅವರ ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆ ಮಾಡು. ಸಾಮಾನಿನ ಕೋಣೆ ಖಾಲಿ ಮಾಡಿ ಅಲ್ಲಿ ಮಲಗಿಸು. ಅಡುಗೆಮನೆಗೆ ಬಿಡಬೇಡ. ನಿಮ್ಮ ಯಜಮಾನರಿಗೆ ಹೇಳಲು ಬಾಯಿ ಬರದಿದ್ದರೆ ಈ ಕಾಗದವನ್ನೇ ತೋರಿಸು, ಬೈಗುಳ ನನಗೆ ಬರಲಿ.

ಅಂಗೈ ಹಳದಿಯಾಗಿದ್ದರೆ ಎಣ್ಣೆ ಮೈಗೆ ಹತ್ತಿದೆ ಎಂದೇ ಅರ್ಥ. ಈ ವಿಟಮಿನ್ ಚರ್ಮಕ್ಕೆ ಬಲ, ಜಾಡ್ಯ ತಡೆಯುತ್ತದೆ. ಅದಕ್ಕೇ ಇನ್ನು ಮೇಲೆ ದಿನಕ್ಕೆ ಎರಡು ಚಮಚ ಮಾಡು. ಈ ಸಲ ದೊಡ್ಡ ಬಾಟಲಿ ಕಳಿಸಿದ್ದೇನೆ.

ಅಕ್ಕ

*

ಮೇ 2

ಅಕ್ಕಾ,

ನೀನು ಹೇಳಿದಂತೆ ಮಾಡಿದೆ. ಇವರಿಗೆ ಕಾಗದ ತೋರಿಸಿದೆ. ಓದಿ ಮಡಿಸಿ ಕೊಟ್ಟರು, ಸಾಮಾನಿನ ಕೋಣೆಯ ಪೆಟ್ಟಿಗೆಗಳನ್ನು ಹೊರಗೆ ಹೊತ್ತರು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನನಗಾ?" ಎಂದರು. ನಾನು ಹೂಂ ಎಂದೆ. "ಒಳ್ಳೇದಾಯ್ತು ಬಿಡು, ಹೊಟ್ಟೇಲಿರೋದಕ್ಕೆ ತಗಲಬಾರದು" ಎಂದು ತಮ್ಮ ದಿಂಬು ತಾವೇ ಎತ್ತಿಕೊಂಡು ಹೋದರು. ಒಂದು ತಗಡಿನ ತಟ್ಟೆ ಕೊಟ್ಟಿದ್ದೇನೆ. ಹೊಸಿಲಾಚೆ ಇಟ್ಟು ಬರುತ್ತೇನೆ, ತೊಳೆದು ಅವರೇ ಇಟ್ಟುಕೊಳ್ಳುತ್ತಾರೆ.

ಕೂದಲು ಇನ್ನು ಉಳಿಯುವುದಿಲ್ಲವೆಂದು ತಾವೇ ಕತ್ತರಿಸಿಕೊಂಡರು. ಈಗ ಕಾಲಿನ ಮೂಳೆಯೆಲ್ಲ ನೋವು, ನಡೆದರೆ ಗೋಡೆ ಹಿಡಿಯುತ್ತಾರೆ. ತಿಂದದ್ದು ನಿಲ್ಲುವುದಿಲ್ಲ. ನೆಲದ ಮೇಲೆ ವಾಂತಿ, ವಾಂತಿಯ ಸುತ್ತ ಚರ್ಮದ ಹೊಟ್ಟು. ಆ ಕೋಣೆ ಗುಡಿಸುವಾಗ ನಾನು ಬಾಯಿಗೆ ಸೆರಗು ತುರುಕಿಕೊಳ್ಳುತ್ತೇನೆ. ಅವರು ನೋಡಿದರು. ಮಾರನೆಯ ದಿನದಿಂದ ಕಸಬರಿಕೆ ನನ್ನ ಕೈಗೆ ಕೊಡುತ್ತಿಲ್ಲ. ಕೂತಲ್ಲೇ ತೆವಳಿಕೊಂಡು ತಾವೇ ಗುಡಿಸುತ್ತಾರೆ.

ಡಾಕ್ಟರು ಬಂದು ಮುಲಾಮು ಬರೆದರು. "ಔಷಧಿ ಏನಾದರೂ ತಗೊಳ್ತಾ ಇದ್ದಾರಾ?" ಎಂದು ಕೇಳಿದರು. ಇಲ್ಲ ಎಂದೆವು. "ಮಗು ಹುಟ್ಟೋಕೆ ಮುಂಚೆ ನನ್ನನ್ನ ಯಾವುದಾದ್ರೂ ಆಶ್ರಮಕ್ಕೆ ಬಿಟ್ಟು ಬಾ" ಎಂದು ಅತ್ತೆ ಮಗನಿಗೆ ದಿನಾ ಹೇಳುತ್ತಿದ್ದಾರೆ. ಇವರು ವಿಚಾರಿಸಲು ಶುರು ಮಾಡಿದ್ದಾರೆ.

ಎರಡು ಚಮಚ ನಡೆಯುತ್ತಿದೆ, ತಪ್ಪಿಲ್ಲ.

ತಂಗಿ

*

ಮೇ 19

ಪುಟ್ಟಿ,

ಈ ಕಾಗದ ಕೈಗೆ ಬಂದ ಗಳಿಗೆಯಿಂದ ಎಣ್ಣೆ ನಿಲ್ಲಿಸು. ಒಂದು ಹನಿಯೂ ಬೇಡ. ಬಾಟಲಿ ಒಡೆದು ಹಾಕು. ಆಮೇಲೆ ಮುಂದಕ್ಕೆ ಓದು.

ನಮ್ಮ ದೊಡ್ಡ ಕೆಮಿಸ್ಟ್ ಇದ್ದಾರಲ್ಲ, ಅಂಗಳದ ಬೆಕ್ಕುಗಳೆಲ್ಲ ಅವರ ಹಿಂದೆಯೇ ಸುತ್ತುತ್ತವೆ ಎಂದು ನಾವು ಬೆಕ್ಕಣ್ಣ ಎನ್ನುತ್ತೇವೆ. ಅವರು ನಿನ್ನೆ ಬಾಯ್ಲರ್ ನಲ್ಲಿಯ ಎಣ್ಣೆಯನ್ನೇ ನೇರವಾಗಿ ಪರೀಕ್ಷೆ ಮಾಡು ಎಂದರು. ಇಷ್ಟು ದಿನ ನಾನು ಪರೀಕ್ಷೆ ಮಾಡುತ್ತಿದ್ದುದು ಬೆರೆಸಿ ತೆಳ್ಳಗೆ ಮಾಡಿದ ಎಣ್ಣೆ. ನಲ್ಲಿಯದು ಸ್ವಲ್ಪ ಗಟ್ಟಿ ಇರಬಹುದು, ಇದ್ದರೆ ನಿನಗೆ ಒಳ್ಳೆಯದೇ ಎಂದುಕೊಂಡಿದ್ದೆ. ಹನಿ ಬಿಟ್ಟೆ. ನಳಿಕೆ ಶಾಯಿ ಬುಡ್ಡಿಯಾಯಿತು. ಓದಲಾಗಲಿಲ್ಲ. ನೂರು ಪಾಲು ತೆಳ್ಳಗೆ ಮಾಡಿದೆ, ಆಗಲೂ ಅಳತೆಪಟ್ಟಿ ಮೀರಿತು. ಆಳದ ನೀರಿನ ಈ ಮೀನುಗಳ ಲಿವರಿನಲ್ಲಿ ಅಷ್ಟು ವಿಟಮಿನ್ ತುಂಬಿದೆ. ಬೆರಕೆ ಮಾಡುವುದು ಲಾಭಕ್ಕಲ್ಲವಂತೆ. ಕುಡಿದವರು ಬದುಕಲಿ ಎಂದು!

"ಇದನ್ನ ದಿನಾ ಒಂದು ಚಮಚ ಕುಡಿದ್ರೆ ಏನಾಗುತ್ತೆ ಸರ್?" ಎಂದೆ, ಸುಮ್ಮನೆ ಕೇಳುವವಳಂತೆ.

"ಯಾರು ಕುಡೀತಾರಮ್ಮ, ಹುಚ್ಚರಾ?" ಎಂದರು. ಆಮೇಲೆ ಪಾಠ ಹೇಳುವವರ ಹಾಗೆ ಹೇಳಿದರು. ಸೊಪ್ಪು, ಕ್ಯಾರೆಟ್ಟುಗಳಲ್ಲಿ ಇರುವುದು ಕ್ಯಾರೊಟೀನ್ ಎಂಬ ಬಣ್ಣ. ಮೈ ತನಗೆ ಬೇಕಾದಷ್ಟನ್ನೇ ಅದರಿಂದ ವಿಟಮಿನ್ ಮಾಡಿಕೊಳ್ಳುತ್ತದೆ, ಮಿಕ್ಕದ್ದು ಹೆಚ್ಚೆಂದರೆ ಚರ್ಮಕ್ಕೆ ಹಳದಿ ಬಳಿಯುತ್ತದೆ. ಲಿವರಿನಲ್ಲಿರುವುದು ತಯಾರಾದ ವಿಟಮಿನ್, ಮೀನು ಜನ್ಮವಿಡೀ ಕೂಡಿಟ್ಟದ್ದು. ಅದು ನೀರಿನಲ್ಲಿ ಕರಗುವುದಿಲ್ಲ, ಮೂತ್ರದಲ್ಲಿ ಹೋಗುವುದಿಲ್ಲ. ಕೊಬ್ಬಿನಲ್ಲಿ ಕರಗಿ ನಮ್ಮ ಲಿವರಿಗೆ ಹೋಗಿ ಕೂರುತ್ತದೆ. ಹಾಕಿದಷ್ಟೂ ಕೂಡುತ್ತದೆ. ಹಿಮದ ನಾಡಿಗೆ ಹೋದವರು ಬಿಳಿ ಕರಡಿಯ ಲಿವರ್ ತಿಂದು ಅಂಗಾಲಿನ ಚರ್ಮವೇ ಕಳಚಿ ಬಂದಿತ್ತಂತೆ. "ಬಸುರಿಯರಂತೂ ಮುಟ್ಟಲೇಬಾರದು, ಒಳಗಿರೋ ಮಗುವಿನ ರೂಪ ಕೆಡಬಹುದು" ಎಂದರು.

ನಾನು ಅಂಗಳಕ್ಕೆ ಹೋಗಿ ಡ್ರಮ್ಮಿನ ಪಕ್ಕ ಕೂತು ವಾಂತಿ ಮಾಡಿದೆ. ಇಷ್ಟು ವರ್ಷ ಈ ನಾತಕ್ಕೆ ಬಾರದ ವಾಂತಿ ನಿನ್ನೆ ಬಂತು.

ಪುಟ್ಟಿ, ನಿಜ ಹೇಳು. ತುಟಿ ಒಡೆದಿದೆಯಾ? ತಲೆನೋವು ಇದೆಯಾ? ಕೂದಲು ಉದುರುತ್ತಿದೆಯಾ? ಅಂಗೈ, ಅಂಗಾಲಿನ ಚರ್ಮ ಏಳುತ್ತಿದೆಯಾ? ಮೂಳೆ ನೋವು, ವಾಂತಿ? ಮಗು ಒದೆಯುತ್ತಿದೆಯಾ? ನನ್ನನ್ನು ನೋಯಿಸಬಾರದೆಂದು ಮುಚ್ಚಿಡಬೇಡ.

ಅಕ್ಕ

*

ಮೇ 24

ಅಕ್ಕಾ,

ನನಗೆ ಏನೂ ಆಗಿಲ್ಲ. ಮಗು ಒದೆಯುತ್ತಿದೆ. ನಾನು ಒಂದು ಹನಿಯೂ ಕುಡಿದಿಲ್ಲ.

ನೀನು ಕೇಳಿದ್ದೆಲ್ಲ ಅತ್ತೆಗೆ ಆಗಿದೆ. ನಿನ್ನ ಕಾಗದ ಓದುತ್ತಾ ಒಂದೊಂದಕ್ಕೂ ಅವರ ಮುಖ ಕಂಡಿತು. ಎಣ್ಣೆ ಕುಡಿದವರು ಅವರು. ಮೊದಲ ದಿನ ನಾನು ಚಮಚ ಬಾಯಿಗಿಟ್ಟು ಉಗಿದೆ, ಚೆಲ್ಲುತ್ತೇನೆ ಎಂದು ಎದ್ದೆ. ಅತ್ತೆ ಕೈ ಹಿಡಿದರು. "ನಿಮ್ಮಕ್ಕ ಅಷ್ಟು ದೂರದಿಂದ ಕಳಿಸಿದ್ದಾಳೆ, ಚೆಲ್ಲಿದ್ರೆ ಅವಳ ಹೊಟ್ಟೆ ಉರಿಯುತ್ತೆ. ನನಗೆ ನಾತಾನೂ ಇಲ್ಲ, ಏನೂ ಇಲ್ಲ, ಕೊಡು ಇತ್ತ. ನೀನು ಕುಡಿದೆ ಅಂತಲೇ ಬರಿ, ನಾನು ಬಾಯಿ ಬಿಡಲ್ಲ." ನಮ್ಮಿಬ್ಬರಿಗೂ ಅದೊಂದು ತಮಾಷೆಯಾಗಿತ್ತು. ದಿನಾ ಅವರು ಎದುರು ಕೂತು ಬಾಯಿ ತೆರೆಯುವುದು, ನಾನು ಮೂಗು ಮುಚ್ಚಿಕೊಂಡು ಸುರಿಯುವುದು. ನನಗೆ ಬದಲಿಗೆ ದಿನಾ ಕ್ಯಾರೆಟ್ ತಂದು ಬೇಯಿಸಿ ತಿನ್ನಿಸಿದರು. ಅಂಗೈ ಹಳದಿಯಾದದ್ದು ಅದರಿಂದ.

ನೀನು ಎರಡು ಚಮಚ ಎಂದೆ. ನಾನು ಎರಡು ಕೊಟ್ಟೆ. ಆಗ ಅವರು ಆ ಕೋಣೆಯಲ್ಲಿದ್ದರು. ತಟ್ಟೆ ಬೇರೆ ಮಾಡಿದೆ, ಲೋಟ ಬೇರೆ ಮಾಡಿದೆ, ಮುಟ್ಟುವುದು ಬಿಟ್ಟೆ. ಎಣ್ಣೆ ಮಾತ್ರ ಒಂದು ದಿನ ತಪ್ಪಿಸಲಿಲ್ಲ. ಚಮಚ ತಗಲದ ಹಾಗೆ ಮೇಲಿನಿಂದ ಸುರಿಯುತ್ತಿದ್ದೆ. ವಾಂತಿಯಾದ ದಿನವೂ ಕುಡಿದರು. "ನಿಮ್ಮಕ್ಕನ ಬಾಟಲಿ ಉಳಿದರೆ ಹೇಗೆ" ಎನ್ನುತ್ತಿದ್ದರು. ಡಾಕ್ಟರು ಔಷಧಿ ಕೇಳಿದಾಗ ಇದು ಔಷಧಿ ಅಂತ ನಮಗೆ ಹೊಳೆಯಲೇ ಇಲ್ಲ. ಅತ್ತೆ ಕುಡಿಯುವುದು ಇವರಿಗೂ ಗೊತ್ತಿಲ್ಲ. ಇವರು ಆಶ್ರಮದಲ್ಲಿ ಜಾಗ ಹೇಳಿ ಬಂದಿದ್ದಾರೆ.

ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತಿದೆ. ಅತ್ತೆಗೆ ಏನು ಮಾಡಬೇಕು, ಬೇಗ ಬರಿ.

ತಂಗಿ

*

ಮೇ 29

ಪುಟ್ಟಿ,

ಬೆಕ್ಕಣ್ಣನ ಎದುರು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಬಸ್ಸಿನಲ್ಲಿ ಜನ ನೋಡುವುದು ಎಷ್ಟೋ ವಾಸಿ. "ನಿಲ್ಲಿಸಿದರೆ ಮೆಲ್ಲಗೆ ಇಳಿಯುತ್ತೆ, ಲಿವರ್ ಪೂರ್ತಿ ಕೆಟ್ಟಿಲ್ಲದಿದ್ದರೆ" ಎಂದರು. ಅದಕ್ಕೆ ಮದ್ದಿಲ್ಲವಂತೆ, ನಿಲ್ಲಿಸುವುದೊಂದೇ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಎಣ್ಣೆಯ ವಿಷಯ ಮೊದಲು ಹೇಳು, ಸಂಕೋಚ ಮಾಡಬೇಡ.

ಅಂಗೈ ಹಳದಿ ಎಂದು ನೀನು ಬರೆದಾಗಲೇ ನನಗೆ ಹೊಳೆಯಬೇಕಿತ್ತು. ಮೀನೆಣ್ಣೆಯಿಂದ ಯಾರ ಅಂಗೈಯೂ ಹಳದಿಯಾಗುವುದಿಲ್ಲ. ಚರ್ಮ, ಕೂದಲು, ತುಟಿ, ಎಲ್ಲ ನೀನು ಬಿಡಿಸಿ ಬರೆದಿದ್ದೆ. ನಾನು ಜಾಡ್ಯ ಎಂದೆ. ವಿಟಮಿನ್ ಅಳೆಯುವುದೇ ನನ್ನ ಕೆಲಸ, ತಂಗಿಗೆ ಕಳಿಸುವ ಬಾಟಲಿಯಿಂದ ಒಂದು ಹನಿ ತೆಗೆದು ನೋಡಲಿಲ್ಲ. ನಾನು ಹಿಡಿದು ಕಳಿಸಿದ್ದು ಎಂಬುದೇ ನನಗೆ ಸಾಕಾಗಿತ್ತು. ಅದರ ಮೇಲೆ ಒಂದು ಹಿರಿಯ ಜೀವವನ್ನು ಕೋಣೆಗೆ ತಳ್ಳಲು ಬುದ್ಧಿ ಹೇಳಿದೆ. ಥೂ ನನ್ನ ಜನ್ಮಕ್ಕೆ.

ನಿಮ್ಮತ್ತೆಗೆ ನಿಜ ಹೇಳು. ನೀನೇ ಹೇಳು, ಇಬ್ಬರ ಪರವಾಗಿ. ಅವರು ಏನೆಂದರು ಎಂದು ನನಗೆ ಬರಿ, ಬೈದಿದ್ದರೆ ಬೈದದ್ದನ್ನು ಇದ್ದ ಹಾಗೇ ಬರಿ.

ಅಕ್ಕ

*

ಆಗಸ್ಟ್ 9

ಅಕ್ಕಾ,

ಹೆಣ್ಣುಮಗು. ಕೈ, ಕಾಲು, ಕಿವಿ, ಬೆರಳು ಎಲ್ಲ ನೋಡಿದೆ, ಮತ್ತೆ ಮತ್ತೆ ನೋಡಿದೆ. ಸರಿಯಾಗಿದ್ದಾಳೆ. ನಿನ್ನದೇ ಗಂಟಲು, ಬೀದಿಗೆ ಕೇಳುತ್ತದೆ.

ಅತ್ತೆ ಉಳಿದರು. ಲಿವರಿನ ಊತ ಇಳಿದಿದೆ ಎಂದು ಡಾಕ್ಟರು ಹೇಳಿದರು. ಹೊಸ ಚರ್ಮ ಬಂದಿದೆ. ತಲೆಯ ಮೇಲೆ ಬೆಳ್ಳಗೆ ಕುರುಚಲು ಕೂದಲು. ಗೋಡೆ ಹಿಡಿಯದೆ ನಡೆಯುತ್ತಾರೆ. ಆಶ್ರಮದ ಮಾತನ್ನು ಇವರು ಮತ್ತೆ ಎತ್ತಿಲ್ಲ. ಅಂಗಡಿಯಿಂದ ಬಂದು ಅಮ್ಮನ ಕಾಲು ಒತ್ತುತ್ತಾರೆ, ನನ್ನ ಜೊತೆ ಮಾತು ಕಡಿಮೆ.

ಅತ್ತೆ ಏನೆಂದರು ಎಂದು ನೀನು ಕೇಳಿದ್ದೆ. ಇಷ್ಟು ದಿನ ಬರೆಯಲು ಕೈ ಬರಲಿಲ್ಲ. ನಿನ್ನ ಕಾಗದ ಬಂದ ದಿನವೇ ಅವರ ಕೋಣೆಯ ಹೊಸಿಲಲ್ಲಿ ಕೂತು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

"ಹಾಗಾದ್ರೆ ಇದು ಅಂಟುಜಾಡ್ಯ ಅಲ್ವಾ?"

"ಅಲ್ಲ ಅತ್ತೆ."

"ಮುಟ್ಟಿದ್ರೆ ಬರೋದಲ್ಲ?"

"ಅಲ್ಲ."

ಆಗ ಅತ್ತರು. ಕೂದಲು ಹೋದಾಗ ಅತ್ತವರಲ್ಲ, ಕೋಣೆಗೆ ಹಾಕಿದಾಗ ಅತ್ತವರಲ್ಲ. ಆಮೇಲೆ ಮೂಗು ಒರೆಸಿಕೊಂಡು, "ನಿಮ್ಮಕ್ಕ ಕೈಗೆ ಸಿಗಲಿ, ಆ ಇಡೀ ಡ್ರಮ್ಮು ಅವಳ ಬಾಯಿಗೆ ಸುರೀತೀನಿ" ಎಂದರು. ಇದ್ದ ಹಾಗೇ ಬರೆದಿದ್ದೇನೆ. ಅವರು ಬೈದದ್ದು ಅಷ್ಟೇ. ಇನ್ನೂ ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಕೋಣೆಗೆ ಕರೆತಂದು ಮಂಚ ಹಾಕಿಸಿದೆ. ತಗಡಿನ ತಟ್ಟೆಯನ್ನು ಕಸಕ್ಕೆ ಎಸೆದೆ. ಸಂಜೆ ನೋಡಿದರೆ ತೊಳೆದು ಇಟ್ಟುಕೊಂಡಿದ್ದಾರೆ. "ಇರಲಿ, ಅಭ್ಯಾಸ ಆಗಿದೆ" ಎಂದರು. ಕುಟುಕುವುದಕ್ಕೆ ಹೇಳಿದ್ದರೆ ಸಹಿಸಿಕೊಳ್ಳಬಹುದಿತ್ತು. ನಿಜವಾಗಿಯೂ ಅಭ್ಯಾಸ ಆಗಿದೆ ಅಕ್ಕಾ. ಅಡುಗೆಮನೆಯ ಬಾಗಿಲಲ್ಲಿ ಈಗಲೂ ನಿಂತು, ನಾನು ಒಳಗೆ ಕರೆದರೆ ಮಾತ್ರ ಬರುತ್ತಾರೆ.

ಮಗುವಿನ ವಿಷಯದಲ್ಲೂ ಹಾಗೇ. ಮೊಣಕೈವರೆಗೆ ಸೋಪು ಹಾಕಿ ತೊಳೆದು, ಮಡಿಲ ಮೇಲೆ ಒಗೆದ ಬಟ್ಟೆ ಹಾಸಿಕೊಂಡು ಕೂರುತ್ತಾರೆ. ಆಮೇಲೆ ನನ್ನನ್ನು ಕೇಳುತ್ತಾರೆ, "ಮುಟ್ಟಲಾ?" ಮೊದಲ ದಿನ ನಾನು ಅವರ ಕಾಲು ಹಿಡಿದೆ, "ಕೇಳಬೇಡಿ ಅತ್ತೆ, ನಿಮ್ಮ ಮೊಮ್ಮಗಳು" ಎಂದು ಅತ್ತುಬಿಟ್ಟೆ. ಆಯ್ತು ಎಂದು ತಲೆ ಸವರಿದರು. ಮಾರನೆಯ ದಿನ ಮತ್ತೆ ಕೇಳಿದರು.

ಇದನ್ನು ಬರೆಯುತ್ತಿರುವಾಗ ಮಗು ಎದ್ದು ಅಳುತ್ತಿದೆ. ಅತ್ತೆ ತೊಟ್ಟಿಲ ಪಕ್ಕದಲ್ಲೇ ಇದ್ದಾರೆ. ಎತ್ತಿಕೊಂಡಿಲ್ಲ. ಒದ್ದೆ ಕೈ ಮುಂದೆ ಹಿಡಿದು ನಿಂತು ನನ್ನ ಮುಖವನ್ನೇ ನೋಡುತ್ತಿದ್ದಾರೆ.

ತಂಗಿ